30 ಅಡಿ ಎಸೆಯಲು ಬಂದರೆ ಸಾಕು: ಫ್ಲೈ ಫಿಶಿಂಗ್ ಶುರು ಮಾಡುವವರಿಗೆ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 36. ಚಿಕ್ಕಂದಿನಲ್ಲಿ ಊರ ಕೆರೆಯಲ್ಲಿ ಎರೆಹುಳು ಚುಚ್ಚಿ ಗಾಳ ಹಾಕಿದ್ದು ಬಿಟ್ಟರೆ ಮೀನು ಹಿಡಿಯುವ ಬಗ್ಗೆ ಏನೂ ಗೊತ್ತಿಲ್ಲ. ಬರುವ ಏಪ್ರಿಲ್‌ನಲ್ಲಿ ಮನೆಯವರ ಜೊತೆ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗುತ್ತಿದ್ದೇವೆ. ಅಲ್ಲಿ ಟ್ರೌಟ್ ಮೀನಿಗೆ ಫ್ಲೈ ಫಿಶಿಂಗ್ ಮಾಡಬಹುದಂತೆ. ಯಾವ ರಾಡ್ ತಗೋಬೇಕು? ಎಷ್ಟು ದೂರ ಎಸೆಯಲು ಬರಬೇಕು? ಹೋಗುವ ಮೊದಲು ಕರ್ನಾಟಕದಲ್ಲೇ ಕಲಿಯಬಹುದಾ? ಹತ್ತು ವರ್ಷದ ಮಗಳೂ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ.

ಉತ್ತರ: ಎಷ್ಟು ದೂರ ಅನ್ನುವ ಪ್ರಶ್ನೆಯನ್ನೇ ಮೊದಲು ತಗೊಳ್ಳೋಣ. ರಾಡ್, ಖರ್ಚು, ಕಲಿಯುವ ಕ್ರಮ ಎಲ್ಲವೂ ಅದರ ಮೇಲೆಯೇ ನಿಂತಿವೆ. ರಾಡಿನ ತುದಿಯಿಂದಾಚೆ 30 ಅಡಿ ಲೈನನ್ನು ನೆಟ್ಟಗೆ ಬಿಡಿಸಲು ಬಂದರೆ ಸಾಕು. ತೀರ್ಥನ್‌ನಂಥ ಬೆಟ್ಟದ ಹೊಳೆಯಲ್ಲಿ ಹೆಚ್ಚಿನ ಸಲ ಅಷ್ಟೂ ಬೇಕಾಗುವುದಿಲ್ಲ. ಹದಿನೈದು ಇಪ್ಪತ್ತು ಅಡಿಯಲ್ಲೇ ಮೀನು ಇರುತ್ತದೆ. ವಿಡಿಯೋಗಳಲ್ಲಿ ಸೂರ್ಯಾಸ್ತದ ಮುಂದೆ ನಿಂತು ಮೈಲುದ್ದ ಲೈನ್ ಬೀಸುತ್ತಾರಲ್ಲ, ಅದು ಕ್ಯಾಮೆರಾಗೆ. ಹೊಸಬರು ಆ ದೂರದ ಬೆನ್ನು ಹತ್ತಿ ಇಡೀ ರಜೆ ಕಳೆಯುತ್ತಾರೆ. ಕಾಲ ಬುಡದಲ್ಲೇ ಇದ್ದ ಮೀನು ಅಷ್ಟರಲ್ಲಿ ಓಡಿಹೋಗಿರುತ್ತದೆ.

ಕೆರೆಯ ಗಾಳಕ್ಕೂ ಇದಕ್ಕೂ ಏನು ವ್ಯತ್ಯಾಸ ಅನ್ನುವುದು ತಲೆಗೆ ಹೋದರೆ ಉಳಿದದ್ದು ಸಲೀಸು. ಕಾವೇರಿಯಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ, ರಾಗಿ ಉಂಡೆ ಕಟ್ಟಿ ಎಸೆಯುವ ಪದ್ಧತಿ ಇತ್ತು. ಅಲ್ಲಿ ಉಂಡೆಗೆ ತೂಕ ಇದೆ. ಉಂಡೆ ಹಾರುತ್ತದೆ, ತೆಳು ದಾರ ಅದರ ಹಿಂದೆ ಹೋಗುತ್ತದೆ. ಫ್ಲೈಗೆ ತೂಕವೇ ಇಲ್ಲ. ಹುಳುವಿನ ಹಾಗೆ ಕಾಣಲಿ ಅಂತ ಕೊಕ್ಕೆಗೆ ಒಂಚೂರು ಪುಕ್ಕ, ಒಂಚೂರು ಕೂದಲು ಸುತ್ತಿರುತ್ತಾರೆ ಅಷ್ಟೇ. ಅದನ್ನು ಕೈಯಿಂದ ಎಸೆದರೆ ನಿಮ್ಮ ಮುಂದೆಯೇ ಬೀಳುತ್ತದೆ. ಹಾಗಾಗಿ ಇಲ್ಲಿ ತೂಕವನ್ನು ದಾರದಲ್ಲೇ ಇಟ್ಟಿದ್ದಾರೆ. ಫ್ಲೈ ಲೈನ್ ಪ್ಲಾಸ್ಟಿಕ್ ಲೇಪದ ದಪ್ಪ ದಾರ. ಲೈನಿನ ತೂಕದ ದರ್ಜೆಗೆ 'ವೇಟ್' ಅನ್ನುತ್ತಾರೆ. '5 ವೇಟ್' ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಹಾರುವುದು ಆ ಲೈನು. ಫ್ಲೈ ಸುಮ್ನೆ ಅದರ ಬಾಲ ಹಿಡಿದು ಹೋಗುತ್ತದೆ. ಎಸೆಯುವಾಗ ಜೋರು ಹಾಕಿದಷ್ಟೂ ಕೆಡುತ್ತದೆ ಅನ್ನುವುದಕ್ಕೆ ಕಾರಣ ಇದೇ. ಲೈನು ಹಿಂದೆ ಪೂರ್ತಿ ಬಿಡಿಸಿಕೊಂಡು ರಾಡನ್ನು ಬಗ್ಗಿಸಬೇಕು. ಬಗ್ಗಿದ ರಾಡು ಅದನ್ನು ಮುಂದಕ್ಕೆ ಕಳಿಸುತ್ತದೆ. ನಿಮ್ಮ ತೋಳಿನ ಬಲಕ್ಕೆ ಇಲ್ಲಿ ದೊಡ್ಡ ಪಾತ್ರ ಇಲ್ಲ.

ಈಗ ಸಾಮಾನು. 9 ಅಡಿ ಉದ್ದದ, 5 ವೇಟ್‌ನ (ಅಂದರೆ 5 ವೇಟ್ ಲೈನಿಗೆ ಹೊಂದುವ), ನಾಲ್ಕು ತುಂಡಾಗಿ ಬಿಚ್ಚುವ ರಾಡ್ ತಗೊಳ್ಳಿ. ನಾಲ್ಕು ತುಂಡು ಯಾಕೆ ಅಂದರೆ ವಿಮಾನದಲ್ಲಿ, ವೋಲ್ವೋ ಬಸ್ಸಿನಲ್ಲಿ ಒಯ್ಯಲು ಅನುಕೂಲ. ಚಿಕ್ಕ ಹೊಳೆಗೆ 4 ವೇಟ್ ಇನ್ನೂ ಚೆನ್ನ ಅನ್ನುವವರಿದ್ದಾರೆ, ಅದೂ ನಿಜ. ಆದರೆ ನೀವು ತೀರ್ಥನ್‌ಗೆ ಹೋಗುವುದು ವರ್ಷಕ್ಕೊಮ್ಮೆ. ಉಳಿದ ದಿನ ಇಲ್ಲೇ ಯಾವುದಾದರೂ ಹೊಂಡದಲ್ಲಿ ಜಿಲೇಬಿ ಮೀನಿಗೋ ಗೆಂಡೆಗೋ ಬೀಸಬೇಕು. ಅದಕ್ಕೆ 5 ಒಳ್ಳೆಯದು. ಎಕೋ, ರೆಡಿಂಗ್ಟನ್, ಆರ್ವಿಸ್‌ನಂಥ ಕಂಪನಿಗಳು ರಾಡ್, ರೀಲ್, ಲೈನ್ ಒಟ್ಟಿಗೆ ಕಟ್ಟಿಕೊಡುವ ಆರಂಭಿಕರ ಸೆಟ್ ಮಾರುತ್ತವೆ. ವಿದೇಶದಿಂದ ಬರುವ ಸ್ನೇಹಿತರಿದ್ದರೆ ಹೇಳಿ ತರಿಸಿಕೊಳ್ಳಿ. ಪಾರ್ಸೆಲ್‌ನಲ್ಲಿ ತರಿಸಿದರೆ ಕಸ್ಟಮ್ಸ್ ಸುಂಕ ಸೇರಿ ಲೆಕ್ಕವೇ ಬದಲಾಗುತ್ತದೆ.

ಬಿಡಿಬಿಡಿಯಾಗಿ ಕೊಳ್ಳುವುದಾದರೆ ಒಂದು ಮಾತು. ಲೈನಿಗೆ ಕಂಜೂಸ್ ಮಾಡಬೇಡಿ, ರೀಲಿಗೆ ಬೇಕಾದಷ್ಟು ಮಾಡಿ. ಅಂಗಡಿಯವರು ಹೇಳುವುದು ಇದಕ್ಕೆ ಉಲ್ಟಾ ಇರುತ್ತದೆ. ಬೆಟ್ಟದ ಹೊಳೆಯ ಟ್ರೌಟ್‌ಗೆ ರೀಲ್ ಅಂದರೆ ಲೈನ್ ಸುತ್ತಿಡುವ ಡಬ್ಬಿ. ಮೀನನ್ನು ನೀವು ಕೈಯಲ್ಲಿ ಲೈನ್ ಎಳೆದೇ ತರುತ್ತೀರಿ. ಆದರೆ ಅಗ್ಗದ ಲೈನ್ ಮಾತ್ರ ಸುರುಳಿ ಸುರುಳಿಯಾಗಿಯೇ ಉಳಿಯುತ್ತದೆ, ಮುಳುಗುತ್ತದೆ, ರಾಡಿನ ಬಳೆಗಳಲ್ಲಿ ಜಾರುವುದಿಲ್ಲ. ತಪ್ಪು ನಿಮ್ಮದೋ ಲೈನಿನದೋ ಅಂತ ತಿಳಿಯದೆ ಒದ್ದಾಡುತ್ತೀರಿ. ಪೆಟ್ಟಿಗೆಯ ಮೇಲೆ 'ಡಬ್ಲ್ಯೂಎಫ್5ಎಫ್' ಅಂತ ಇರಬೇಕು. ಮುಂದಿನ ಭಾಗ ದಪ್ಪ, 5 ವೇಟ್, ತೇಲುವ ಲೈನ್ ಅಂತ ಅದರ ಅರ್ಥ. ಮುಳುಗುವ ಲೈನ್ ಸದ್ಯಕ್ಕೆ ಬೇಡವೇ ಬೇಡ.

ಲೈನಿನ ತುದಿಗೆ ಲೀಡರ್ ಬರುತ್ತದೆ. ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ತೆಳ್ಳಗಾಗುವ ಪಾರದರ್ಶಕ ದಾರ ಇದು. ಎತ್ತಿನ ಚಾಟಿಯ ಹಾಗೆ, ಬುಡದ ಬೀಸು ತುದಿಯವರೆಗೆ ಹರಿದು ಹೋಗಲಿ ಅಂತ ಹೀಗೆ ಮಾಡಿರುತ್ತಾರೆ. 9 ಅಡಿಯ 4ಎಕ್ಸ್ ಅಥವಾ 5ಎಕ್ಸ್ ಲೀಡರ್ ತಗೊಳ್ಳಿ. ಎಕ್ಸ್‌ನ ಹಿಂದಿನ ಸಂಖ್ಯೆ ದೊಡ್ಡದಾದಷ್ಟೂ ದಾರ ತೆಳ್ಳಗೆ. 5ಎಕ್ಸ್ ಅಂದರೆ ಸುಮಾರು 0.15 ಮಿ.ಮೀ. ಫ್ಲೈ ಬದಲಿಸಿದಾಗೆಲ್ಲ ಲೀಡರ್ ತುಸು ತುಸು ಮೊಟಕಾಗುತ್ತದೆ. ಮೊಟಕಾದಾಗ ತುದಿಗೆ ಜೋಡಿಸಲು ಟಿಪೆಟ್ ಅನ್ನುವ ಅದೇ ದಪ್ಪದ ದಾರ ಒಂದು ಸುರುಳಿ ಜೇಬಿನಲ್ಲಿರಲಿ.

ಗಂಟು ಎರಡು ಬಂದರೆ ಸಾಕು. ಫ್ಲೈ ಕಟ್ಟಲು ಇಂಪ್ರೂವ್ಡ್ ಕ್ಲಿಂಚ್, ಲೀಡರ್‌ಗೆ ಟಿಪೆಟ್ ಸೇರಿಸಲು ಡಬಲ್ ಸರ್ಜನ್ಸ್. ಯೂಟ್ಯೂಬ್ ನೋಡಿ ಟಿವಿ ಮುಂದೆ ಕೂತು ಕಲಿಯಿರಿ. ಬಿಗಿಯುವ ಮುನ್ನ ಗಂಟನ್ನು ಬಾಯಲ್ಲಿಟ್ಟು ಒದ್ದೆ ಮಾಡಿ. ಒಣಗಂಟು ಬಿಗಿಯುವಾಗ ತಿಕ್ಕಿ ಬಿಸಿಯಾಗುತ್ತದೆ, ದಾರದ ಬಲ ಅಲ್ಲೇ ಹೋಗುತ್ತದೆ. ದೊಡ್ಡ ಮೀನು ತಪ್ಪಿಸಿಕೊಂಡಿತು ಅನ್ನುವ ಕತೆಗಳಲ್ಲಿ ಅರ್ಧಕ್ಕರ್ಧ ಒಣಗಂಟಿನ ಕತೆಗಳೇ ಅಂತ ನನ್ನ ಗುಮಾನಿ.

ಇನ್ನು ಫ್ಲೈಗಳು. ನೂರಾರು ಹೆಸರು ಕೇಳಿ ಹೆದರಬೇಡಿ. ನೀರೊಳಗಿನ ಹುಳುಮರಿಯ ಹಾಗೆ ಕಟ್ಟಿದ, ಮುಳುಗುವ ಫ್ಲೈಗೆ ನಿಂಫ್ ಅನ್ನುತ್ತಾರೆ. ಫೆಸೆಂಟ್ ಟೇಲ್ ನಿಂಫ್ 14, 16ನೇ ಸೈಜಿನಲ್ಲಿ. ತಲೆಗೆ ಲೋಹದ ಮಣಿ ಇರುವ ಹೇರ್ಸ್ ಇಯರ್ ನಿಂಫ್ 12, 14ರಲ್ಲಿ. ನೀರ ಮೇಲೆ ತೇಲಲು ಪ್ಯಾರಾಶೂಟ್ ಆಡಮ್ಸ್ ಮತ್ತು ಎಲ್ಕ್ ಹೇರ್ ಕ್ಯಾಡಿಸ್. ಜೊತೆಗೆ ಕಪ್ಪು ಬಣ್ಣದ ವೂಲಿ ಬಗರ್, 10ನೇ ಸೈಜು. ಒಂದೊಂದು ಬಗೆಯಲ್ಲೂ ಮೂರು ನಾಲ್ಕು ಇರಲಿ, ಮರಕ್ಕೆ ಸಿಕ್ಕಿ ಕಳೆದುಹೋಗುತ್ತವೆ. ಕೊಕ್ಕೆಯ ಸಂಖ್ಯೆ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು ಅನ್ನುವುದು ನೆನಪಿರಲಿ. ಇವುಗಳಲ್ಲಿ ಒಂದೇ ಒಂದನ್ನು ಇಟ್ಟುಕೋ ಅಂದರೆ ನಾನು ಫೆಸೆಂಟ್ ಟೇಲ್ ಇಟ್ಟುಕೊಳ್ಳುತ್ತೇನೆ. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್ ಕಟ್ಟಿದ್ದು ಅದು. ನೂಲು ಬಳಸಲೇ ಇಲ್ಲ ಆತ. ಕೂದಲೆಳೆಯಂಥ ತಾಮ್ರದ ತಂತಿಯಿಂದಲೇ ಫೆಸೆಂಟ್ ಹಕ್ಕಿಯ ಬಾಲದ ಎಳೆಗಳನ್ನು ಸುತ್ತಿದ. ತಂತಿಯೇ ನೂಲು, ತಂತಿಯೇ ಭಾರ. ನೀರಿಗೆ ಬಿದ್ದ ಕೂಡಲೇ ಮುಳುಗುತ್ತದೆ. ಇಷ್ಟು ಸರಳ ವಸ್ತು ಇಷ್ಟು ವರ್ಷ ಇಷ್ಟು ಮೀನಿಗೆ ಮೋಸ ಮಾಡಿಕೊಂಡು ಬಂದಿದೆಯಲ್ಲ!

ಕನ್ನಡಕ ಮರೆಯಬೇಡಿ. ಪೋಲರೈಸ್ಡ್ ಕನ್ನಡಕ ಹಾಕಿದರೆ ನೀರಿನ ಹೊಳಪು ಕಡಿಮೆಯಾಗಿ ಒಳಗಿನ ಕಲ್ಲು, ಮೀನು ಕಾಣುತ್ತವೆ. ಅದಕ್ಕಿಂತ ಮುಖ್ಯ, ಬೀಸುವಾಗ ಕೊಕ್ಕೆ ಕಣ್ಣಿಗೆ ತಾಗುವುದಿಲ್ಲ. ಟೋಪಿಯೂ ಬೇಕು, ಅದೇ ಕಾರಣಕ್ಕೆ.

ಸಾಮಾನಿನ ವಿಷಯ ಇಷ್ಟು ಸಾಕು. ಈಗ ಎಸೆಯುವುದು ಕಲಿಯೋಣ. ಇದಕ್ಕೆ ನೀರೇ ಬೇಕಿಲ್ಲ. ಅಪಾರ್ಟ್‌ಮೆಂಟಿನ ಹುಲ್ಲು, ಶಾಲೆಯ ಮೈದಾನ, ಯಾವುದಾದರೂ ಆದೀತು. ಕಾಂಕ್ರೀಟ್ ಮೇಲೆ ಮಾತ್ರ ಬೇಡ, ಲೈನಿನ ಲೇಪ ಸವೆದು ಹೋಗುತ್ತದೆ. ಫ್ಲೈ ಬದಲಿಗೆ ಲೀಡರ್ ತುದಿಗೆ ಬಣ್ಣದ ಉಣ್ಣೆಯ ತುಂಡು ಕಟ್ಟಿ. ರಾಡಿನ ತುದಿಯಿಂದಾಚೆ 30 ಅಡಿ ಲೈನ್ ನೆಲದ ಮೇಲೆ ನೇರವಾಗಿ ಹಾಸಿ. ಹಿಡಿಯ ಮೇಲೆ ಹೆಬ್ಬೆರಳು ಬರುವಂತೆ ರಾಡ್ ಹಿಡಿಯಿರಿ. ತುದಿ ನೆಲದ ಹತ್ತಿರ ಇರಲಿ.

ಈಗ ನಿಧಾನವಾಗಿ ಎತ್ತಲು ಶುರು ಮಾಡಿ. ಎತ್ತುತ್ತಾ ವೇಗ ಹೆಚ್ಚಿಸಿ. ರಾಡ್ ನಿಮ್ಮ ಕಿವಿಯ ಪಕ್ಕಕ್ಕೆ ಬಂದು, ಗಡಿಯಾರದಲ್ಲಿ ಒಂದು ಗಂಟೆ ತೋರಿಸುವ ಜಾಗಕ್ಕೆ ಹೋದಾಗ ಟಕ್ ಅಂತ ನಿಲ್ಲಿಸಿ. ನಿಧಾನಕ್ಕೆ ನಿಲ್ಲಿಸುವುದಲ್ಲ, ಟಕ್ ಅಂತ. ನಿಲ್ಲಿಸಿದ ಮೇಲೆ ಕಾಯಿರಿ. ಲೈನ್ ಹಿಂದೆ ಹೋಗಿ, ಬಿಡಿಸಿಕೊಂಡು, ನೇರವಾಗುವವರೆಗೂ ಕಾಯಿರಿ. ನೂರಕ್ಕೆ ತೊಂಬತ್ತು ಜನ ಕೆಡಿಸುವುದು ಇಲ್ಲೇ. ಅರ್ಧ ಬಿಡಿಸಿಕೊಂಡ ಲೈನನ್ನು ಮುಂದಕ್ಕೆ ಎಳೆದುಬಿಡುತ್ತಾರೆ. ಚಟ್ ಅಂತ ಚಾಟಿ ಹೊಡೆದ ಸದ್ದು ಬರುತ್ತದೆ, ಫ್ಲೈ ಕಿತ್ತುಹೋಗಿರುತ್ತದೆ. ಕತ್ತು ತಿರುಗಿಸಿ ಹಿಂದೆ ನೋಡಿ. ನಾಚಿಕೆ ಏನಿಲ್ಲ, ಪಳಗಿದವರೂ ನೋಡುತ್ತಾರೆ. ಲೈನ್ ನೇರವಾದದ್ದು ಕಣ್ಣಿಗೆ ಕಂಡಾಗ ಮುಂದಕ್ಕೆ ತನ್ನಿ. ಮತ್ತೆ ವೇಗ ಹೆಚ್ಚಿಸುತ್ತಾ ಬಂದು ಹತ್ತೂವರೆ ಗಂಟೆಯ ಜಾಗದಲ್ಲಿ ಟಕ್ ಅಂತ ನಿಲ್ಲಿಸಿ. ಲೈನ್ ಮುಂದೆ ಬಿಡಿಸಿಕೊಂಡ ಮೇಲೆ ರಾಡ್ ತುದಿಯನ್ನು ಅದರ ಜೊತೆಗೇ ಇಳಿಸಿ.

ಅಷ್ಟೇ. ಒಂದು ಹಿಂದೆ, ಒಂದು ಮುಂದೆ, ನೆಲಕ್ಕೆ. ಗಾಳಿಯಲ್ಲಿ ನಾಲ್ಕೈದು ಸಲ ಹಿಂದೆ ಮುಂದೆ ಆಡಿಸುವುದನ್ನು ಈಗ ಕಲಿಯಬೇಡಿ. ಅದು ನೋಡಲು ಚಂದ, ಮೀನಿಗೆ ಎಚ್ಚರಿಕೆ. ಮಣಿಕಟ್ಟು ಜಾಸ್ತಿ ಬಗ್ಗುತ್ತಿದೆ ಅನ್ನಿಸಿದರೆ ರಾಡಿನ ಬುಡವನ್ನು ತುಂಬುತೋಳಿನ ಅಂಗಿಯ ತೋಳೊಳಗೆ ಸಿಕ್ಕಿಸಿಕೊಂಡು ಬೀಸಿ ನೋಡಿ. ಬಗ್ಗಲು ಆಗುವುದೇ ಇಲ್ಲ. ಲೈನ್ ಅಗಲವಾದ ಬಳೆಯಂತೆ ತೆರೆದುಕೊಂಡು ಮುಂದೆ ಸೋತು ಬಿದ್ದರೆ ನೀವು ರಾಡನ್ನು ತುಂಬಾ ಹಿಂದಕ್ಕೂ ಮುಂದಕ್ಕೂ ವಾಲಿಸುತ್ತಿದ್ದೀರಿ. ಲೀಡರ್‌ನಲ್ಲಿ ತಾನಾಗಿಯೇ ಗಂಟು ಬೀಳುತ್ತಿದ್ದರೆ ಆರಂಭದಲ್ಲೇ ಜರ್ಕ್ ಕೊಡುತ್ತಿದ್ದೀರಿ. ಎರಡಕ್ಕೂ ಔಷಧಿ ಒಂದೇ: ಇನ್ನೂ ಮೆಲ್ಲಗೆ ಶುರು, ಇನ್ನೂ ಗಟ್ಟಿಯಾಗಿ ನಿಲುಗಡೆ.

ದಿನಕ್ಕೆ ಹದಿನೈದು ನಿಮಿಷ ಸಾಕು. ಭಾನುವಾರ ಮೂರು ಗಂಟೆ ಬೀಸಿ ಭುಜ ನೋಯಿಸಿಕೊಳ್ಳುವುದಕ್ಕಿಂತ ಇದು ಬೇಗ ಹತ್ತುತ್ತದೆ. ಒಂದೆರಡು ವಾರದ ಮೇಲೆ 25 ಅಡಿ ದೂರದಲ್ಲಿ ಒಂದು ಊಟದ ತಟ್ಟೆ ಇಟ್ಟು, ಉಣ್ಣೆಯ ತುಂಡನ್ನು ಅದರ ಮೇಲೆ ಬೀಳಿಸಲು ನೋಡಿ. ದೂರ ಹೆಚ್ಚಿಸಬೇಡಿ, ತಟ್ಟೆಯನ್ನು ಚಿಕ್ಕದು ಮಾಡುತ್ತಾ ಹೋಗಿ. ಮುಗಿದ ಮೇಲೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಲೈನ್ ಒರೆಸಿ.

ಇನ್ನೊಂದು ಎಸೆತ ಕಲಿಯಲೇಬೇಕು, ರೋಲ್ ಕಾಸ್ಟ್. ತೀರ್ಥನ್ ದಂಡೆಯಲ್ಲಿ ಮರಗಳು ಒತ್ತೊತ್ತಾಗಿವೆ. ಹಿಂದಕ್ಕೆ ಬೀಸಲು ಎಷ್ಟೋ ಕಡೆ ಜಾಗವೇ ಇಲ್ಲ. ಆಗ ಲೈನನ್ನು ನೀರ ಮೇಲೆಯೇ ಮೆಲ್ಲಗೆ ನಿಮ್ಮ ಕಡೆಗೆ ಎಳೆದು, ರಾಡನ್ನು ಕಿವಿಯ ಪಕ್ಕಕ್ಕೆ ತಂದು, ಭುಜದ ಹಿಂದೆ ಲೈನ್ ಜೋತುಬೀಳುವವರೆಗೆ ನಿಂತು, ಅಲ್ಲಿಂದಲೇ ಮುಂದಕ್ಕೆ ಹೊಡೆಯುವುದು. ನೀರು ಲೈನನ್ನು ಹಿಡಿದುಕೊಳ್ಳುವ ಬಿಗಿಯಿಂದಲೇ ಇದು ಕೆಲಸ ಮಾಡುವುದು. ಹುಲ್ಲಿನ ಮೇಲೆ ಸರಿಯಾಗಿ ಬರುವುದಿಲ್ಲ, ಇದಕ್ಕೆ ಮಾತ್ರ ನೀರು ಬೇಕು.

ಕರ್ನಾಟಕದಲ್ಲಿ ನೀರು ಎಲ್ಲಿ ಅನ್ನುವ ಪ್ರಶ್ನೆ ಈಗ ಬಂತು. ಕಾವೇರಿ ಅಂತ ನಿಮ್ಮ ಮನಸ್ಸಿನಲ್ಲಿದ್ದರೆ ಸದ್ಯಕ್ಕೆ ಬಿಡಿ. ಇತಿಹಾಸ ದೊಡ್ಡದಿದೆ, ಇಲ್ಲ ಅನ್ನುವುದಿಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಭಾರತದ ಮೀನು ಬೇಟೆಯ ಬಗ್ಗೆ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ 54 ಕಿಲೋ ತೂಗುವ ಮಹಶೀರ್ ಹಿಡಿದರು. ಆದರೆ ಆ ಗೂನುಬೆನ್ನಿನ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ಭೀಮೇಶ್ವರಿ, ಗಾಳಿಬೋರೆ ಕಡೆ ಹಿಂದೆ ನಡೆಯುತ್ತಿದ್ದ ಗಾಳದ ಕ್ಯಾಂಪುಗಳು ನಿಂತು ಎಷ್ಟೋ ವರ್ಷವಾಯಿತು. ಅದು ವನ್ಯಧಾಮ. ಹಿಡಿದು ವಾಪಸ್ ಬಿಡುತ್ತೇನೆ ಅಂದರೂ ಕಾನೂನು ಒಪ್ಪುವುದಿಲ್ಲ. ಕೊಡಗಿನ ವಾಲ್ನೂರು ಭಾಗದಲ್ಲಿ ಕೊಡಗು ವನ್ಯಜೀವಿ ಸಂಘದವರು ನೋಡಿಕೊಳ್ಳುವ ನದಿಯ ಪಾತ್ರ ಇದೆ. ಮುಂದೆ ಎಂದಾದರೂ ಹೋಗುವುದಾದರೆ ಆ ವರ್ಷ ಪರವಾನಗಿ ಕೊಡುತ್ತಿದ್ದಾರಾ ಅಂತ ಮೊದಲು ವಿಚಾರಿಸಿ. ಅದಕ್ಕೆ ಬೇಕಾಗುವುದು 8 ವೇಟ್ ರಾಡು, ನಿಮ್ಮ 5 ವೇಟ್ ಅಲ್ಲ. ಶೃಂಗೇರಿ, ಶಿಶಿಲ, ರಾಮನಾಥಪುರದ ದೇವರ ಮೀನುಗಳ ವಿಷಯ ಹೇಳಬೇಕಿಲ್ಲ ಅಲ್ವಾ? ಅಲ್ಲಿ ಮಂಡಕ್ಕಿ ಹಾಕಿ ನೋಡುವುದಷ್ಟೇ.

ಬೆಂಗಳೂರಿನ ಕೆರೆಗಳಲ್ಲೂ ಸುಮ್ನೆ ಹೋಗಿ ನಿಲ್ಲುವ ಹಾಗಿಲ್ಲ. ಅನೇಕ ಕೆರೆಗಳ ಮೀನಿನ ಹಕ್ಕನ್ನು ಗುತ್ತಿಗೆ ಕೊಟ್ಟಿರುತ್ತಾರೆ, ಉಳಿದ ಕಡೆ 'ಗಾಳ ಹಾಕಬಾರದು' ಅಂತ ಬೋರ್ಡ್ ಇರುತ್ತದೆ. ನನ್ನ ಸಲಹೆ ಕೃಷಿ ಹೊಂಡ. ಕೋಲಾರ, ತುಮಕೂರು, ರಾಮನಗರ ಕಡೆ ನೆಂಟರೋ ಸ್ನೇಹಿತರೋ ತೋಟ ಮಾಡಿರುತ್ತಾರೆ. 'ಕೃಷಿ ಭಾಗ್ಯ' ಯೋಜನೆ ಬಂದ ಮೇಲೆ ಹೊಂಡಗಳೂ ಹೆಚ್ಚಾಗಿವೆ, ಕೆಲವರು ಮೀನನ್ನೂ ಬಿಟ್ಟಿರುತ್ತಾರೆ. ಜಿಲೇಬಿ ಮೀನು ಹೊಸಬರಿಗೆ ಒಳ್ಳೆಯ ಗುರು. ಸಣ್ಣ ನಿಂಫ್ ಎಸೆದು, ಮುಳುಗಲು ಬಿಟ್ಟು, ಎಡಗೈಯಲ್ಲಿ ಲೈನನ್ನು ಗೇಣು ಗೇಣಾಗಿ ಎಳೆಯಿರಿ. ಲೈನಿನ ತುದಿ ಸ್ವಲ್ಪ ಕದಲಿದರೂ ರಾಡ್ ಎತ್ತಿ. ಒಂದು ಎಚ್ಚರಿಕೆ, ಪ್ಲಾಸ್ಟಿಕ್ ಹಾಸಿದ ಹೊಂಡದ ಅಂಚು ವಿಪರೀತ ಜಾರುತ್ತದೆ. ಒಳಗೆ ಬಿದ್ದರೆ ಈಜು ಬರುವವರಿಗೂ ಹತ್ತಿ ಬರುವುದು ಕಷ್ಟ. ಒಂಟಿಯಾಗಿ ಹೋಗಬೇಡಿ. ಹೊಂಡಕ್ಕೆ ಒಂದು ಹಗ್ಗ ಇಳಿಬಿಟ್ಟು ಗಟ್ಟಿಯಾಗಿ ಕಟ್ಟಿರಿ. ಮಗಳನ್ನು ಅಂಚಿಗೆ ಬಿಡಲೇಬೇಡಿ.

ಟ್ರೌಟ್ ಮಾತ್ರ ಇಲ್ಲಿ ಸಿಗುವುದಿಲ್ಲ. ಅದಕ್ಕೆ ತಣ್ಣನೆಯ, ಆಮ್ಲಜನಕ ತುಂಬಿದ ನೀರು ಬೇಕು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒದ್ದಾಡುತ್ತದೆ. ಹಿಮಾಲಯಕ್ಕೂ ಅದು ಹೊರಗಿನದೇ. ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ತಂದು, 1900ರ ಹೊತ್ತಿಗೆ ಕಾಶ್ಮೀರದಲ್ಲಿ ನೆಲೆಗೊಳಿಸಿದರು. ಅಲ್ಲಿಂದ 1909ರಲ್ಲಿ ಕುಲು ಕಣಿವೆಗೆ ತಂದವರು ಹೋವೆಲ್ ಎಂಬ ಬ್ರಿಟಿಷ್ ಅಧಿಕಾರಿ. ಬಂದ ಬ್ರೌನ್ ಟ್ರೌಟ್ ಅಲ್ಲಿನ ಮೂಲ ಮೀನು ಸ್ನೋ ಟ್ರೌಟ್‌ನ ಜಾಗಕ್ಕೆ ಕೈಹಾಕಿತು ಅನ್ನುವ ಆಕ್ಷೇಪ ಇದೆ, ಅದರಲ್ಲಿ ಹುರುಳೂ ಇದೆ. ಸ್ನೋ ಟ್ರೌಟ್ ಸಿಕ್ಕರೆ ಮರುಮಾತಿಲ್ಲದೆ ನೀರಿಗೆ ಬಿಡಿ.

ಸರಿ, ತೀರ್ಥನ್‌ಗೆ ಬಂದಿರಿ ಅಂದುಕೊಳ್ಳಿ. ಔಟ್ ಸುರಂಗದ ಹತ್ತಿರ ಹೆದ್ದಾರಿ ಬಿಟ್ಟು ಬಂಜಾರ್ ದಾಟಿ ಗುಶೈನಿ ಕಡೆ ಹೋಗುತ್ತೀರಿ. ಹಿಮಾಚಲದಲ್ಲಿ ಟ್ರೌಟ್ ಹೊಳೆಗಳು ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಮುಚ್ಚಿರುತ್ತವೆ, ಅದು ಮೊಟ್ಟೆ ಇಡುವ ಕಾಲ. ನೀವು ಏಪ್ರಿಲ್‌ನಲ್ಲಿ ಹೋಗುತ್ತಿರುವುದರಿಂದ ತೊಂದರೆ ಇಲ್ಲ. ಮೀನುಗಾರಿಕೆ ಇಲಾಖೆಯ ದಿನದ ಪರವಾನಗಿ ಕಡ್ಡಾಯ. ಹೋಂಸ್ಟೇಯವರೇ ಮಾಡಿಸಿಕೊಡುತ್ತಾರೆ, ಆದರೂ ಚೀಟಿ ನಿಮ್ಮ ಜೇಬಿನಲ್ಲಿರಲಿ. ಎಷ್ಟು ಮೀನು ಇಟ್ಟುಕೊಳ್ಳಬಹುದು, ಎಷ್ಟು ಉದ್ದ ಇರಬೇಕು ಅನ್ನುವುದನ್ನು ಚೀಟಿ ಕೊಡುವಾಗಲೇ ಕೇಳಿ. ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್ ಒಳಗೆ ಹೋಗಲು ಬೇರೆ ಅನುಮತಿ ಬೇಕು. ಮೊದಲ ದಿನಕ್ಕೆ ಅಲ್ಲಿನ ಒಬ್ಬ ಗೈಡ್ ಜೊತೆ ಹೋಗಿ. ದುಬಾರಿ ರಾಡಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಗೈಡಿಗೆ ಹಾಕಿದರೆ ಅದರಷ್ಟು ಒಳ್ಳೆಯ ಖರ್ಚು ಬೇರೆ ಇಲ್ಲ.

ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಬಿಸಿಲಿಗೆ ಮೇಲೆ ಹಿಮ ಕರಗಿ ನೀರು ಏರುತ್ತದೆ, ಕೆಲವೊಮ್ಮೆ ಕದಡುತ್ತದೆ. ಬೆಳಗ್ಗೆ ನೀರು ತಿಳಿ ಇರುತ್ತದೆ. ಬಿಸಿಲು ನೀರಿಗೆ ತಾಗಿ ಹುಳುಗಳು ಚುರುಕಾಗುವ ಹೊತ್ತಿನಿಂದ ಊಟದ ಹೊತ್ತಿನವರೆಗೆ ಒಳ್ಳೆಯ ಸಮಯ. ರಜೆಯಲ್ಲಿ ಐದಕ್ಕೇ ಏಳಬೇಕಿಲ್ಲ, ತಿಂಡಿ ತಿಂದೇ ಹೋಗಿ.

ಹೊಳೆಗೆ ಹೋದ ಕೂಡಲೇ ರಾಡ್ ಜೋಡಿಸಬೇಡಿ. ಅಂಚಿನಿಂದ ಒಂದು ಕಲ್ಲು ಎತ್ತಿ ಬುಡ ನೋಡಿ. ಮೂರು ಬಾಲದ ಚಪ್ಪಟೆ ಹುಳುಗಳು ಓಡಾಡುತ್ತಿರುತ್ತವೆ, ಅವು ಮೇಫ್ಲೈ ಮರಿಗಳು. ಮರಳುಕಾಳು ಅಂಟಿಸಿಕೊಂಡು ಚಿಕ್ಕ ಕೊಳವೆಯಲ್ಲಿ ಕೂತಿರುವುದು ಕ್ಯಾಡಿಸ್ ಮರಿ. ಟ್ರೌಟ್‌ನ ಊಟದಲ್ಲಿ ಬಹುಪಾಲು ಇವೇ, ಅದೂ ನೀರಿನ ಒಳಗೇ. ನಿಮ್ಮ ಡಬ್ಬಿಯಲ್ಲಿ ಅದೇ ಗಾತ್ರದ, ಹೆಚ್ಚುಕಡಿಮೆ ಅದೇ ಬಣ್ಣದ ನಿಂಫ್ ಹುಡುಕಿ. ಬಣ್ಣಕ್ಕಿಂತ ಗಾತ್ರ ಮುಖ್ಯ. ನೋಡಿದ ಮೇಲೆ ಕಲ್ಲನ್ನು ಹಾಗೇ ವಾಪಸ್ ಇಡಿ.

ಆಮೇಲೆ ನೀರು ನೋಡಿ. ಟ್ರೌಟ್ ಹರಿವಿಗೆ ಮುಖ ಮಾಡಿ ನಿಲ್ಲುತ್ತದೆ. ಜೋರು ನೀರಲ್ಲಿ ನಿಂತರೆ ಸುಸ್ತು, ನಿಂತ ನೀರಲ್ಲಿ ಇದ್ದರೆ ಊಟ ಬರುವುದಿಲ್ಲ. ಆದ್ದರಿಂದ ಎರಡೂ ಸೇರುವ ಗೆರೆಯಲ್ಲಿ ನಿಲ್ಲುತ್ತದೆ. ಬಂಡೆಯ ಹಿಂದೆ, ಬಂಡೆಯ ಮುಂದಿನ ಚಿಕ್ಕ ತಗ್ಗಿನಲ್ಲಿ, ಜೋರು ಧಾರೆ ಬಂದು ಗುಂಡಿಗೆ ಇಳಿಯುವ ಜಾಗದ ಪಕ್ಕದಲ್ಲಿ. ನೀರ ಮೇಲೆ ನೊರೆ ಸಾಲಾಗಿ ಹೋಗುತ್ತದಲ್ಲ, ಹುಳುವೂ ಅದೇ ದಾರಿಯಲ್ಲಿ ಹೋಗುತ್ತದೆ. ಮೀನು ನಿಮ್ಮ ಕಡೆ ಬೆನ್ನು ಹಾಕಿರುವಂತೆ ಕೆಳಗಿನಿಂದ ಮೇಲಕ್ಕೆ ನಡೆಯಿರಿ. ನಿಮ್ಮ ನೆರಳು ನೀರಿನ ಮೇಲೆ ಬೀಳದಿರಲಿ. ಕಡುಗೆಂಪು ಟೀಶರ್ಟ್ ಹೋಂಸ್ಟೇಯಲ್ಲೇ ಬಿಡಿ.

ಎಸೆಯಲು ಬಂದವರೂ ಮೀನು ಕಾಣದೆ ವಾಪಸಾಗುತ್ತಾರೆ. ಯಾಕೆ ಅನ್ನುವುದನ್ನು ಸ್ವಲ್ಪ ನಿಂತು ನೋಡೋಣ. ನಿಜವಾದ ಹುಳು ನೀರು ಒಯ್ದ ಕಡೆ, ನೀರಿನದೇ ವೇಗದಲ್ಲಿ ಹೋಗುತ್ತದೆ. ನಿಮ್ಮ ಫ್ಲೈಗೆ ದಾರ ಇದೆ. ನಿಮ್ಮ ಮತ್ತು ಮೀನಿನ ಮಧ್ಯೆ ಇರುವ ಜೋರು ಧಾರೆಗೆ ಲೈನ್ ಸಿಕ್ಕಿದರೆ, ಅದು ಫ್ಲೈಯನ್ನು ದರದರ ಎಳೆದುಕೊಂಡು ಹೋಗುತ್ತದೆ. ನೀರ ಮೇಲೆ ಗೆರೆ ಎಳೆಯುತ್ತಾ ಓಡುವ ಹುಳುವನ್ನು ಟ್ರೌಟ್ ನಂಬುವುದಿಲ್ಲ. ಇಲ್ಲಿಯೇ ದೂರ ಕಡಿಮೆ ಇದ್ದಷ್ಟೂ ಲಾಭ. ಹದಿನೈದು ಅಡಿ ದೂರಕ್ಕೆ ಎಸೆದು ರಾಡನ್ನು ಎತ್ತಿ ಹಿಡಿದರೆ, ಲೈನ್ ನೀರಿಗೆ ತಾಗುವುದೇ ಇಲ್ಲ. ಲೀಡರ್ ಮಾತ್ರ ತಾಗುತ್ತದೆ. ಎಳೆತಕ್ಕೆ ಅವಕಾಶವೇ ಇಲ್ಲ. ಐವತ್ತು ಅಡಿ ಎಸೆದವರ ಲೈನ್ ಮೂರು ಬೇರೆ ಬೇರೆ ಧಾರೆಗಳ ಮೇಲೆ ಮಲಗಿರುತ್ತದೆ, ಮೂರೂ ಅದನ್ನು ಮೂರು ಕಡೆ ಎಳೆಯುತ್ತಿರುತ್ತವೆ. ಇನ್ನೂ ನಾಲ್ಕು ಹೆಜ್ಜೆ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಎಸೆಯುವವರಿಗೆ ಈ ತಲೆನೋವಿಲ್ಲ. ಹತ್ತಿರ ಹೋಗಲು ಆಗದ ಜಾಗದಲ್ಲಿ ಲೈನ್ ನೀರಿಗೆ ಬಿದ್ದ ಕೂಡಲೇ ರಾಡ್ ತುದಿಯಿಂದ ಲೈನಿನ ಹೊಟ್ಟೆಯನ್ನು ಎತ್ತಿ ಹರಿವಿನ ಮೇಲ್ಬದಿಗೆ ಹಾಕಬೇಕು. ಇದನ್ನು ಮೆಂಡ್ ಅನ್ನುತ್ತಾರೆ. ಹೀಗೆ ಮಾಡಿದರೆ ಫ್ಲೈಗೆ ಇನ್ನೂ ಒಂದೆರಡು ಮೀಟರ್ ಸ್ವತಂತ್ರ ದಾರಿ ಸಿಗುತ್ತದೆ.

ನಿಂಫ್ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಲೀಡರ್ ಮೇಲೆ ಪುಟ್ಟದೊಂದು ಬಣ್ಣದ ಇಂಡಿಕೇಟರ್ ಕಟ್ಟಿ. ಊರಿನ ಗಾಳದ ಬೆಂಡಿನ ಕೆಲಸವೇ ಇದರದ್ದೂ. ಬೆಂಡು ಮುಳುಗುವವರೆಗೆ ಕಾಯುವ ಅಭ್ಯಾಸ ಮಾತ್ರ ಬಿಡಬೇಕು. ಟ್ರೌಟ್ ಫ್ಲೈಯನ್ನು ಬಾಯಿಗೆ ಹಾಕಿ, ಇದು ತಿನ್ನುವುದಲ್ಲ ಅಂತ ಕ್ಷಣದಲ್ಲಿ ಉಗುಳುತ್ತದೆ. ಇಂಡಿಕೇಟರ್ ತಡೆದರೂ, ವಾಲಿದರೂ, ಅನುಮಾನ ಬಂದರೂ ರಾಡ್ ಎತ್ತಿ. ಹತ್ತರಲ್ಲಿ ಎಂಟು ಸಲ ಕಲ್ಲು ಇರುತ್ತದೆ. ಇರಲಿ, ನಿಂಫ್ ತಳಕ್ಕೆ ಹೋಗುತ್ತಿದೆ ಅಂತಾದರೂ ಗೊತ್ತಾಗುತ್ತದೆ. ಮೀನು ಮೇಲಕ್ಕೆ ಬಂದು ಹುಳು ಕಚ್ಚುವುದು ಕಣ್ಣಿಗೆ ಬಿದ್ದರೆ ಮಾತ್ರ ಪ್ಯಾರಾಶೂಟ್ ಆಡಮ್ಸ್‌ಗೆ ಬದಲಿಸಿ. ಅಂಥ ಹೊತ್ತಿನ ಮಜಾ ಬೇರೆ, ನಿಜ. ಆದರೆ ಅದಕ್ಕಾಗಿ ದಿನವಿಡೀ ಕಾಯಬೇಡಿ.

ಮೀನಿನ ಗಾತ್ರದ ಬಗ್ಗೆ ಆಸೆ ಮಿತಿಯಲ್ಲಿರಲಿ. ಒಂದು ಅಡಿ ದಾಟಿದ ಬ್ರೌನ್ ಟ್ರೌಟ್ ಸಿಕ್ಕರೆ ಮೊದಲ ಸಲ ಬಂದವರಿಗೆ ಅದು ಹಬ್ಬ. ಹೊರಡುವ ಮೊದಲೇ ಇಕ್ಕಳದಿಂದ ಕೊಕ್ಕೆಯ ಹಿಂಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ. ಮೀನಿಗೂ ಒಳ್ಳೆಯದು, ನಿಮ್ಮ ಕಿವಿಗೆ ಚುಚ್ಚಿಕೊಂಡರೆ ನಿಮಗೂ ಒಳ್ಳೆಯದು. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ. ಒಣಗೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಹೋಗಿ ಸೋಂಕು ತಗಲುತ್ತದೆ. ಫೋಟೋ ಬೇಕಿದ್ದರೆ ಕ್ಯಾಮೆರಾ ಸಿದ್ಧವಾದ ಮೇಲೆ ಎರಡು ಸೆಕೆಂಡು ಎತ್ತಿ, ಮತ್ತೆ ನೀರಿಗೆ. ಹರಿವಿಗೆ ಮುಖ ಮಾಡಿಸಿ ಹಿಡಿದಿರಿ, ಚೇತರಿಸಿಕೊಂಡು ತಾನೇ ಹೋಗುತ್ತದೆ. ಟ್ರೌಟ್ ತಿನ್ನಬೇಕು ಅನ್ನಿಸಿದರೆ ಅಲ್ಲೇ ಸಾಕಣೆಯ ಮೀನು ಸಿಗುತ್ತದೆ, ಹೋಂಸ್ಟೇಯವರು ಚೆನ್ನಾಗಿ ಹುರಿದುಕೊಡುತ್ತಾರೆ.

ನೀರಿಗೆ ಇಳಿಯುವ ವಿಷಯದಲ್ಲಿ ನಾನು ಅಜ್ಜಿಯ ಹಾಗೆ ಹೇಳಿದ್ದನ್ನೇ ಹೇಳುತ್ತೇನೆ. ಮೊಣಕಾಲು ಮೀರಿ ಇಳಿಯಬೇಡಿ. ಹಿಮದ ನೀರು, ಪಾಚಿಗಟ್ಟಿದ ಗುಂಡುಕಲ್ಲು, ಜೋರು ಸೆಳೆತ. ಕೈಯಲ್ಲಿ ಒಂದು ಕೋಲಿರಲಿ. ಮೇಲೆ ಮಳೆ ಬಂದರೆ ನಿಮ್ಮಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಬಣ್ಣ ಬದಲಾಗಿ ಎಲೆ ಕಡ್ಡಿ ತೇಲಿಬಂದರೆ ಆ ಕ್ಷಣವೇ ದಂಡೆಗೆ ಬನ್ನಿ. ತೀರ್ಥನ್ ಮೇಲೆ ದೊಡ್ಡ ಅಣೆಕಟ್ಟಿಲ್ಲ. ಆದರೆ ಅದು ಕೆಳಗೆ ಲಾರ್ಜಿಯಲ್ಲಿ ಬಿಯಾಸ್ ಸೇರುತ್ತದೆ, ಅಲ್ಲಿ ಇದೆ. 2014ರ ಜೂನ್ 8ರಂದು ಆ ಅಣೆಕಟ್ಟಿನಿಂದ ಬಿಟ್ಟ ನೀರು ಕೆಳಗಡೆ ಹೊಳೆಗಿಳಿದಿದ್ದ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೊಚ್ಚಿಕೊಂಡು ಹೋಯಿತು. ಲಾರ್ಜಿಯಿಂದ ಕೆಳಗೆ ಬಿಯಾಸ್‌ನಲ್ಲಿ ನೀರಿಗೆ ಇಳಿಯುವ ಯೋಚನೆಯೇ ಬೇಡ, ನೀರು ಎಷ್ಟೇ ಕಡಿಮೆ ಕಂಡರೂ.

ಕೊನೆಗೆ ನಿಮ್ಮ ಮಗಳು. ಅವಳಿಗೆ ನಿಮ್ಮ ರಾಡ್ ಕೊಡಬೇಡಿ, ಟೆಂಕರಾ ರಾಡ್ ಕೊಡಿಸಿ. ಜಪಾನಿನ ಬೆಟ್ಟದ ಹೊಳೆಗಳ ಪದ್ಧತಿ ಅದು. ರೀಲ್ ಇಲ್ಲ, ದಪ್ಪ ಲೈನ್ ಇಲ್ಲ. ಮಡಚಿದರೆ ಮೊಳದಷ್ಟಾಗುವ ಹನ್ನೊಂದು ಹನ್ನೆರಡು ಅಡಿಯ ಹಗುರ ಕೋಲು, ತುದಿಗೆ ಅಷ್ಟೇ ಉದ್ದದ ತೆಳು ದಾರ, ಒಂದು ಫ್ಲೈ. ಊರ ಕೆರೆಯ ಬಿದಿರು ಗಾಳ ಹಿಡಿದು ಬೆಳೆದ ನಿಮಗೂ ಇದು ಗುರುತಿನದೇ ಅನ್ನಿಸುತ್ತದೆ. ಅರ್ಧ ಗಂಟೆಯಲ್ಲಿ ಎಸೆಯಲು ಬರುತ್ತದೆ. ಗುಶೈನಿಯಲ್ಲಿ ತೀರ್ಥನ್ ಸೇರುವ ಫಲಾಚನ್ ಹೊಳೆಯಂಥ ಚಿಕ್ಕ ನೀರಿಗೆ ಹೇಳಿ ಮಾಡಿಸಿದ ಹಾಗಿದೆ. ದೂರ ಎಸೆಯಲು ಆಗುವುದಿಲ್ಲ ಅನ್ನುವುದೇ ಇದರ ಒಂದು ಕೊರತೆ, ಮಕ್ಕಳಿಗೆ ಅದು ಕೊರತೆಯೇ ಅಲ್ಲ. ಕನ್ನಡಕ, ಟೋಪಿ ಕಡ್ಡಾಯ ಮಾಡಿ. ಅವಳು ದಂಡೆಯ ಮೇಲೇ ನಿಲ್ಲಲಿ, ನೀವು ಅವಳ ರಾಡ್ ಹಿಡಿಯದ ಕೈಯ ಕಡೆಗೆ ನಿಲ್ಲಿ. ಬೇಸರ ಬಂದು ಕಲ್ಲು ಎತ್ತಿ ಹುಳು ಹುಡುಕಲು ಹೋದರೆ ಹೋಗಲಿ ಬಿಡಿ. ಯಾವ ಹುಳು ಸಿಕ್ಕಿತು ಅಂತ ಕೇಳಿ ಅದೇ ಗಾತ್ರದ ಫ್ಲೈ ಕಟ್ಟಿಕೊಳ್ಳಿ. ನಿಮಗಿಂತ ಮೊದಲು ಅವಳಿಗೆ ಮೀನು ಬಿದ್ದರೆ ಆಶ್ಚರ್ಯಪಡಬೇಡಿ.